ಬೆಂಕಿ ಗೆರೆ

ಗಂಡ ಸತ್ತ ಒಂಬತ್ತನೇ ದಿನ ಮೇಸ್ತ್ರಿ ಒಂದು ಕಾಗದ ಹಿಡಿದು ಬಂದ.

ಅವಳು ಬಾಗಿಲ ಮುಂದಿನ ಕಲ್ಲಿನ ಮೇಲೆ ಗಂಡನ ಅಂಗಿ ಕುಕ್ಕಿ ಒಗೆಯುತ್ತಿದ್ದಳು. ಮೂರನೇ ಸಲ. ಅದು ಅವನು ಸಾಯುವಾಗ ತೊಟ್ಟಿದ್ದ ಅಂಗಿಯಲ್ಲ. ಆ ಅಂಗಿ ಅವನ ಮೈಗೇ ಅಂಟಿಕೊಂಡು ಹೋಗಿತ್ತು. ಇದು ಗೂಟಕ್ಕೆ ನೇತುಹಾಕಿದ್ದ ಇನ್ನೊಂದು. ಆದರೂ ಹೊಗೆ ವಾಸನೆ ಬಿಡಲಿಲ್ಲ. ಹದಿನಾರು ವರ್ಷ ಕಾಡಿಗೆ ಬೆಂಕಿ ಬೀಳದಂತೆ ಕಾದವನ ಅಂಗಿ. ಒಂದು ಹಿಡಿ ಸೋಪಿನ ಪುಡಿಗೆ ಹೆದರಿ ಓಡುವ ವಾಸನೆಯಲ್ಲ ಅದು.

“ಒಳಗೆ ಬರಲಾ ತಂಗಿ?” ಅಂದ ಮೇಸ್ತ್ರಿ.

“ಬಾ ಅಣ್ಣಾ. ಇದೇನು ಹೊಸದಾಗಿ ಕೇಳ್ತಿದ್ದೀಯ?”

ಹಿಂದೆಲ್ಲ ಅವನು ಕೇಳಿದವನೇ ಅಲ್ಲ. ಕೂಲಿಗಳ ಸಾಲುಮನೆಯಲ್ಲಿ ಇವರದು ಕೊನೆಯ ಕೋಣೆ. ತಗಡಿನ ಸೂರು, ಒಂದೇ ಕಿಟಕಿ. ಸಂಜೆಯಾದರೆ ಮೇಸ್ತ್ರಿ ಸೀದಾ ಒಳಗೆ ಬಂದು, ಗೋಡೆಗೆ ಒರಗಿ ಕೂತು, ಇವಳ ಗಂಡನ ಜೊತೆ ಚಾ ಕುಡಿದು ಹೋಗುತ್ತಿದ್ದ. ಕೆಲಸದ ಕಡೆ ಗಂಡನನ್ನು ಎಲ್ಲರೂ ಬೆಂಕಿಯಣ್ಣ ಅನ್ನುತ್ತಿದ್ದರು. ಇವಳನ್ನು ಗುಂಡಿಯಕ್ಕ ಅನ್ನುತ್ತಿದ್ದರು. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಕಲ್ಲುನೆಲದಲ್ಲಿ ಸಸಿ ನೆಡಲು ದಿನಕ್ಕೆ ನಲವತ್ತು ಗುಂಡಿ ತೋಡುವ ಹೆಂಗಸು ಆ ಗುಡ್ಡದಲ್ಲಿ ಇನ್ನೊಬ್ಬಳಿರಲಿಲ್ಲ. ಅಂಗೈ ಎಷ್ಟು ಗಟ್ಟಿಯಾಗಿತ್ತೆಂದರೆ, ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು.

ಇವತ್ತು ಮೇಸ್ತ್ರಿ ಒಳಗೆ ಬಂದರೂ ಕೂರಲಿಲ್ಲ. ಮೂಲೆಯ ಚಾಪೆಯ ಮೇಲೆ ಅತ್ತೆ ಮಲಗಿದ್ದಳು. ಅವಳಿಗೆ ಒಂದು ಕಿವಿ ಪೂರಾ ಕೇಳಿಸದು, ಇನ್ನೊಂದಕ್ಕೆ ಕೂಗಬೇಕು. ಮೇಸ್ತ್ರಿ ಅವಳ ಕಡೆ ನೋಡಲಿಲ್ಲ. ಕಾಗದ ಬಿಡಿಸಿ ಗಂಟಲು ಸರಿಮಾಡಿಕೊಂಡು ಓದಿದ.

“ಮೃತ ಕಾವಲುಗಾರನು ಧೂಮಪಾನದ ಅಭ್ಯಾಸವುಳ್ಳವನಾಗಿದ್ದು, ಕರ್ತವ್ಯದ ವೇಳೆಯಲ್ಲಿ ಅಜಾಗರೂಕತೆಯಿಂದ ಎಸೆದ ಸಿಗರೇಟಿನ ತುಂಡಿನಿಂದ ಅಗ್ನಿ ಅವಘಡ ಸಂಭವಿಸಿರುವುದಾಗಿ ಮೃತನ ಪತ್ನಿಯಾದ ನಾನು ಸ್ವಇಚ್ಛೆಯಿಂದ ಹೇಳಿಕೆ ನೀಡಿರುತ್ತೇನೆ.”

“ಇನ್ನೊಂದ್ಸಲ ಓದು.”

ಅವನು ಓದಿದ. ಎರಡನೇ ಸಲ ದನಿ ಸಣ್ಣದಾಗಿತ್ತು.

“ಧೂಮಪಾನ ಅಂದ್ರೆ?”

“ಸಿಗರೇಟು ಸೇದೋದು.”

ಅವಳಿಗೆ ನಗು ಬಂತು. ಒಂಬತ್ತು ದಿನಗಳಲ್ಲಿ ಮೊದಲ ಸಲ ಬಂದ ನಗು, ಬಂದದ್ದೇ ಕೆಟ್ಟದಾಗಿ ಬಂತು. ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ.

“ಅಣ್ಣಾ, ನಾನು ಒಲೆ ಹಚ್ಚಿದ್ರೆ ಅವರು ಹೊರಗೆ ಹೋಗಿ ಕೂರ್ತಿದ್ರು. ಊದುಬತ್ತಿ ಹಚ್ಚಿದ್ರೂ ಕೆಮ್ಮು. ನೀನು ಸಿಗರೇಟು ಸೇದಬೇಕಾದ್ರೆ ಆ ನಲ್ಲಿಯ ಹತ್ರ ಹೋಗಿ ಸೇದಿ ಬರ್ತಿದ್ದೆ. ಯಾಕೆ ಹೋಗ್ತಿದ್ದೆ, ಹೇಳು.”

ಮೇಸ್ತ್ರಿ ಬಾಗಿಲಾಚೆ ನಲ್ಲಿಯ ಕಡೆ ನೋಡಿದ. ಅವನಿಗೆ ಎಲ್ಲಾ ಗೊತ್ತಿತ್ತು.

ಆ ಗುಡ್ಡ ಮೊದಲು ಹುಲ್ಲುಗುಡ್ಡ. ಅತ್ತೆ ಲಂಗ ತೊಡುವ ವಯಸ್ಸಿನಿಂದ ಅಲ್ಲಿ ಆಡು ಮೇಯಿಸಿದವಳು. ಹುಲ್ಲಿನೊಳಗೆ ಮೊಲ ಇತ್ತು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿ ಇತ್ತು, ಬೇಸಿಗೆಯಲ್ಲೂ ಜಿನುಗುವ ಒಂದು ನೀರಿನ ಕಣ್ಣಿತ್ತು. ಅಳತೆಯವರು ಬಂದು ಕಾಗದದಲ್ಲಿ ‘ಬಂಜರು’ ಅಂತ ಬರೆದುಕೊಂಡು ಹೋದರು. ಆಮೇಲೆ ಕಂಪನಿಯ ತಂತಿ ಬೇಲಿ ಬಂತು. ಆಡು ಒಳಗೆ ಹೋಗುವಂತಿಲ್ಲ, ಪುಳ್ಳೆ ಸೌದೆ ಆರಿಸುವಂತಿಲ್ಲ. ಅತ್ತೆ ಆಡುಗಳನ್ನು ಒಂದೊಂದಾಗಿ ಕೊಟ್ಟು ಕೈ ತೊಳೆದುಕೊಂಡಳು. ಮಗ ಅದೇ ಬೇಲಿಯೊಳಗೆ ಕಾವಲುಗಾರನಾದ. ಸೊಸೆ ಗುಂಡಿ ತೋಡುವವಳಾದಳು. ಹುಲ್ಲಿನ ಜಾಗದಲ್ಲಿ ಸಾಲು ಸಾಲು ಒಂದೇ ಜಾತಿಯ ಮರ ಎದ್ದವು. ನೆಟ್ಟಗೆ, ತೆಳ್ಳಗೆ, ಬೇಗ ಬೆಳೆಯುವ ಮರ. ಎಲೆ ಮುರಿದು ಉಜ್ಜಿದರೆ ಕೈಗೆ ಜಿಡ್ಡು ಹತ್ತುತ್ತಿತ್ತು. ಹೆಂಗಸರು ಅದಕ್ಕೆ ಎಣ್ಣೆಮರ ಅನ್ನುತ್ತಿದ್ದರು.

ಯಾಕೆ ನೆಡುವುದು ಅಂತ ಮೊದಲ ವರ್ಷವೇ ಮೇಸ್ತ್ರಿ ತಿಳಿಸಿ ಹೇಳಿದ್ದ. ದೂರದ ದೇಶಗಳಲ್ಲಿ ದೊಡ್ಡ ದೊಡ್ಡ ಕಾರ್ಖಾನೆ ಇವೆ. ಅವು ಹೊಗೆ ಬಿಡುತ್ತವೆ. ಆ ಹೊಗೆಯಿಂದ ಭೂಮಿಯ ಕಾವು ಏರಿ, ಮಳೆಯ ದಿಕ್ಕು ತಪ್ಪಿದೆ. ಮರ ಆ ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿ ಹೊಗೆ ಬಿಟ್ಟವರು ದುಡ್ಡು ಕೊಟ್ಟು ಇಲ್ಲಿ ಮರ ಬೆಳೆಸಿದರೆ ಸರಿಗೆ ಸರಿ.

“ಅಂದ್ರೆ ಅಲ್ಲಿ ಅವರು ಹೊಗೆ ಬಿಡೋದು ನಿಲ್ಲಿಸಲ್ವಾ?” ಅಂತ ಒಬ್ಬಳು ಕೇಳಿದ್ದಳು.

“ನಿಲ್ಲಿಸೋ ಹಾಗಿದ್ರೆ ನಿನ್ನ ಕೈಲಿ ಯಾಕೆ ಗುಂಡಿ ತೋಡಿಸ್ತಿದ್ರು?” ಅಂದಿದ್ದ ಮೇಸ್ತ್ರಿ.

ಎಲ್ಲರೂ ನಕ್ಕಿದ್ದರು. ಆಗ ಬೆಂಕಿಯಣ್ಣ ಹೇಳಿದ್ದ: “ಅವರ ಹೊಗೆ ಮರ ಕುಡಿಯುತ್ತೆ. ಮರದ ಹೊಗೆ ನಾನು ಕುಡೀತೀನಿ.”

ತಮಾಷೆಗೆ ಹೇಳಿದ ಮಾತು. ಆದರೆ ಹಾಗೇ ಆಯಿತು. ಪ್ರತಿ ಬೇಸಿಗೆಯಲ್ಲೂ ಒಂದಲ್ಲ ಒಂದು ಕಡೆ ಬೆಂಕಿ ಏಳುತ್ತಿತ್ತು. ಕಬ್ಬಿಣದ ಕೋಲಿಗೆ ಹಳೇ ಟೈರಿನ ಪಟ್ಟಿ ಬಿಗಿದುಕೊಂಡು, ಬಾಯಿಗೆ ಒದ್ದೆ ಟವೆಲು ಸುತ್ತಿಕೊಂಡು ಅವನು ಬೆಂಕಿ ಬಡಿಯುತ್ತಿದ್ದ. ಕಂಪನಿ ಅವನಿಗೆ ಕೊಟ್ಟದ್ದು ಒಂದು ಹಸಿರು ಟೋಪಿ. ಟೋಪಿಯ ಮೇಲೆ ಎಲೆಯ ಚಿತ್ರ. ಐದನೇ ವರ್ಷಕ್ಕೆ ಕೆಮ್ಮು ಬಂತು, ಹತ್ತನೇ ವರ್ಷಕ್ಕೆ ಕೆಮ್ಮಿನ ಜೊತೆ ಕಪ್ಪು ಕಫ. ಏರು ಹತ್ತುವಾಗ ಎರಡು ಕಡೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದ. “ಬಿಟ್ಟುಬಿಡಿ ರೀ ಈ ಕೆಲಸ,” ಅಂದರೆ, “ಕೆಲಸ ಬಿಟ್ರೆ ಮನೆ ಬಿಡಬೇಕು. ಅಮ್ಮನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?” ಅನ್ನುತ್ತಿದ್ದ. ಮಕ್ಕಳಾಗಲಿಲ್ಲ. ಇದ್ದವರು ಮೂವರೇ.

ಬೆಂಕಿಯನ್ನು ಬಡಿದು ಆರಿಸುವುದು ಕೊನೆಯ ಕೆಲಸ. ಮೊದಲ ಕೆಲಸ ಗೆರೆ. ಮರಗಳ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ನಡುವೆ ಉದ್ದಕ್ಕೆ ಅಗಲವಾದ ಖಾಲಿ ನೆಲ ಬಿಟ್ಟಿರುತ್ತಾರೆ. ಬೇಸಿಗೆಗೆ ಮುಂಚೆ ಅಲ್ಲಿಯ ತರಗೆಲೆ, ಹುಲ್ಲು, ಕಡ್ಡಿ ಎಲ್ಲಾ ಕೆರೆದು, ಗುಡಿಸಿ, ಬರೀ ಮಣ್ಣು ಉಳಿಸಬೇಕು. ಬೆಂಕಿ ಅಲ್ಲಿಯವರೆಗೆ ಬಂದು, ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ಬೋರ್ಡಿನಲ್ಲಿ ಅದಕ್ಕೆ ‘ಅಗ್ನಿ ತಡೆ ರೇಖೆ’ ಅಂತ ಬರೆದಿತ್ತು. ಹೆಂಗಸರು ಬೆಂಕಿ ಗೆರೆ ಅನ್ನುತ್ತಿದ್ದರು. ಎಲ್ಲಾ ಗೆರೆ ಕೆರೆಯಲು ಇಪ್ಪತ್ತು ಹೆಂಗಸರಿಗೆ ಮೂರು ವಾರ ಬೇಕು.

ಈ ವರ್ಷ ಆ ಮೂರು ವಾರ ಸಿಗಲಿಲ್ಲ. ಹೊರಗಿನಿಂದ ಅತಿಥಿಗಳು ಬರುತ್ತಾರೆ, ಒಂದೇ ದಿನ ಹತ್ತು ಸಾವಿರ ಸಸಿ ನೆಡುವ ಕಾರ್ಯಕ್ರಮ ಅಂದರು. ಗೆರೆಯ ಕೆಲಸಕ್ಕೆ ಹೋಗಬೇಕಿದ್ದ ಅಷ್ಟೂ ಜನರನ್ನು ಗುಂಡಿ ತೋಡಲು ಕಳಿಸಿದರು.

“ಈ ಬಿಸಿಲಲ್ಲಿ ನೆಟ್ಟ ಸಸಿ ಬದುಕುತ್ತಾ ಅಣ್ಣಾ?” ಅಂತ ಇವಳೇ ಕೇಳಿದ್ದಳು.

“ಫೋಟೋದಲ್ಲಿ ಬದುಕುತ್ತೆ,” ಅಂದಿದ್ದ ಮೇಸ್ತ್ರಿ.

ಬೆಂಕಿಯಣ್ಣ ಮೂರು ಸಲ ಆಫೀಸಿಗೆ ಹೋದ. ಗೆರೆಯಲ್ಲಿ ಮೊಣಕಾಲು ಮುಳುಗುವಷ್ಟು ಎಲೆ ಬಿದ್ದಿದೆ, ಬಿಸಿಲು ಹೋದ ವರ್ಷದ ಹಾಗಿಲ್ಲ, ಹತ್ತೇ ಜನ ಕೊಡಿ ಅಂದ. ಮೂರನೇ ಸಲ ಸಾಹೇಬರು ತಲೆ ಎತ್ತದೆ ಹೇಳಿದರು: “ನೀನು ಬೆಂಕಿ ಕಾಯೋನು. ನನಗೆ ಕೆಲಸ ಕಲಿಸಬೇಡ.” ಅವನು ಮನೆಗೆ ಬಂದು ಅದನ್ನು ಹಾಗೇ ಹೇಳಿ, ಗೋಡೆ ಕಡೆ ತಿರುಗಿ ಮಲಗಿದ. ಮಾರನೇ ದಿನ ಒಬ್ಬನೇ ಗುದ್ದಲಿ ಹಿಡಿದು ಗೆರೆ ಕೆರೆಯಲು ಹೋದ. ಸಂಜೆವರೆಗೆ ಕೆರೆದರೂ ಹೊರಳಿ ನೋಡಿದರೆ ಒಂದು ಅಂಗಳದಷ್ಟೂ ಆಗಿರಲಿಲ್ಲ.

ಅತಿಥಿಗಳು ಬಂದು ಹೋದ ಹನ್ನೊಂದನೇ ದಿನ, ಮಧ್ಯಾಹ್ನ ಎರಡು ಗಂಟೆಗೆ ಬೆಂಕಿ ಎದ್ದಿತು. ಎಲ್ಲಿಂದ ಬಂತು ಅನ್ನುವುದು ಯಾರಿಗೂ ಗೊತ್ತಿಲ್ಲ. ಹೇಗೆ ಓಡಿತು ಅನ್ನುವುದು ಎಲ್ಲರಿಗೂ ಗೊತ್ತು. ಗೆರೆ ಅದನ್ನು ತಡೆಯಲಿಲ್ಲ, ಕೈಹಿಡಿದು ದಾಟಿಸಿತು. ಇವಳೂ ಇನ್ನು ಆರು ಹೆಂಗಸರೂ ಮೇಲಿನ ಏರಿನಲ್ಲಿ, ಒಣಗುತ್ತಿದ್ದ ಹೊಸ ಸಸಿಗಳಿಗೆ ಕೊಡದಲ್ಲಿ ನೀರು ಹೊರುತ್ತಿದ್ದರು. ಬೆಂಕಿ ಕೆಳಗಿನಿಂದ ಏರಿ ಬಂತು. ಹುಲ್ಲಿನ ಬೆಂಕಿಯಾದರೆ ಮೊಣಕಾಲೆತ್ತರ. ಇದು ಎಣ್ಣೆಮರದ ಬೆಂಕಿ. ತುದಿಯಿಂದ ತುದಿಗೆ ಹಾರುತ್ತಿತ್ತು, ಲಾರಿ ಬಂದಂತೆ ಸದ್ದು ಮಾಡುತ್ತಿತ್ತು.

ಅವನು ಓಡಬಹುದಿತ್ತು. ಅವನಿದ್ದ ಕಡೆಯಿಂದ ರಸ್ತೆ ಹತ್ತಿರ. ಅವನು ರಸ್ತೆಗೆ ಹೋಗಲಿಲ್ಲ, ಗೆರೆಗೆ ಬಂದ. ಬೆಂಕಿಗೂ ಆ ಏಳು ಹೆಂಗಸರಿಗೂ ನಡುವೆ ನಿಂತು ಬಡಿಯತೊಡಗಿದ.

“ಆ ಕಡೆಯಿಂದ ಇಳೀರಿ! ಬಂಡೆ ಕಡೆಯಿಂದ! ಕೊಡ ಬಿಟ್ಟು ಓಡ್ರೇ!”

ಅವಳು ಕೊಡ ಬಿಟ್ಟು ಓಡಿದಳು. ಹೊಗೆಯಲ್ಲಿ ಅವನು ಕಾಣಲಿಲ್ಲ. ಆ ಕೂಗು ನಿಂತ ಮೇಲೆ ಕೇಳಿಸಿದ್ದು ಅವನ ಕೆಮ್ಮು. ಎಷ್ಟೋ ವರ್ಷ ಪಕ್ಕದಲ್ಲಿ ಮಲಗಿ ಕೇಳಿದ ಕೆಮ್ಮು. ಸಾವಿರ ಜನರಲ್ಲೂ ಗುರುತು ಹಿಡಿಯುತ್ತಿದ್ದಳು. ಬಂಡೆಯ ಹತ್ತಿರ ತಲುಪಿ ತಿರುಗಿ ನಿಂತಾಗ ಕೆಮ್ಮು ಕೇಳಿಸುತ್ತಿರಲಿಲ್ಲ.

ಟ್ಯಾಂಕರು ತಡವಾಗಿ ಬಂತು. ಅತಿಥಿಗಳು ನೆಟ್ಟ ಸಸಿಗಳಿಗೆ ನೀರು ಹಾಕಿ ಅದು ಬರಿದಾಗಿತ್ತು.

ಇದು ನಡೆದದ್ದು. ಕಾಗದದಲ್ಲಿ ಇದ್ದದ್ದು ಸಿಗರೇಟು.

“ನೋಡು ತಂಗಿ,” ಅಂದ ಮೇಸ್ತ್ರಿ. “ತಪಾಸಣೆಗೆ ಹೊರಗಿನವರು ಬರ್ತಾರೆ. ತಪ್ಪು ಕಂಪನಿದು ಅಂತಾದ್ರೆ ಈ ಕಾಡು ಹೊಗೆಯ ಲೆಕ್ಕಕ್ಕಿಲ್ಲ, ದುಡ್ಡು ಕೊಡಲ್ಲ ಅಂತಾರೆ. ಕೆಲಸ ನಿಂತ್ರೆ ಎಲ್ಲರ ಹೊಟ್ಟೆ ಮೇಲೂ ಹೊಡೆತ. ನೀನು ಹೆಬ್ಬೆಟ್ಟು ಒತ್ತಿದ್ರೆ ನಿನಗೆ ನರ್ಸರಿಯಲ್ಲಿ ಕಾಯಂ ಕೆಲಸ. ನೆರಳಲ್ಲಿ. ಮತ್ತೆ ಹಾರೆ ಹಿಡಿಯೋದು ಬೇಡ. ಮುದುಕಿ ಇರೋವರೆಗೂ ಈ ಕೋಣೆ ನಿಮ್ಮದೇ.”

“ಒತ್ತದಿದ್ರೆ?”

ಅವನು ಕಾಗದ ಮಡಿಸಿದ. “ಆವತ್ತು ಅವನು ಫೋನು ಮಾಡಿದ್ದು ನನಗೇ. ‘ಗೆರೆ ದಾಟ್ತಾ ಇದೆ, ಜನ ಕಳಿಸು’ ಅಂದ. ನನಗೆ ಆ ಮಾತು ನಿದ್ದೆಯಲ್ಲೂ ಕೇಳ್ಸುತ್ತೆ. ಆದ್ರೆ ನನಗೂ ಮನೆ ಇದೆ ತಂಗಿ.”

“ನಿನ್ನ ಮನೆ ನೀನು ನೋಡ್ಕೋ ಅಣ್ಣಾ. ನನ್ನ ಹೆಬ್ಬೆಟ್ಟು ಕೇಳಬೇಡ.”

ಅವನು ಕಾಗದವನ್ನು ಕಿಟಕಿಯ ಮೇಲಿಟ್ಟು ಹೋದ. ಯೋಚನೆ ಮಾಡು ಅಂತ.

ಅತ್ತೆ ಎದ್ದು ಕೂತಿದ್ದಳು. “ಏನಂತೆ?” ಅಂದಳು. ಸೊಸೆ ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದಳು. ಅಕ್ಕಪಕ್ಕದ ಕೋಣೆಗಳಿಗೂ ಕೇಳಿಸಿತು. ಗಂಡ ಸಿಗರೇಟು ಸೇದಿ ಕಾಡು ಸುಟ್ಟನಂತೆ ಅಂತ ಹೀಗೆ ಕೂಗಿ ಹೇಳಬೇಕಾಯಿತಲ್ಲ ಅಂತ ಅವಳಿಗೆ ಮೈಯೆಲ್ಲ ಉರಿಯಿತು.

ಅತ್ತೆ ಎರಡೂ ಕಾಲು ನೀವಿಕೊಂಡಳು. ಆಮೇಲೆ ಅಂದಳು: “ಒತ್ತು.”

“ಅತ್ತೇ!”

“ಒತ್ತಿಬಿಡು. ಸತ್ತವನಿಗೆ ಕೆಟ್ಟ ಹೆಸರು ಬಂದ್ರೆ ನೋವಾಗಲ್ಲ. ಬದುಕಿದವರಿಗೆ ಸೂರು ಇಲ್ದಿದ್ರೆ ನೋವಾಗುತ್ತೆ. ನನ್ನ ಕಾಲು ನೋಡು. ಈ ಕಾಲಲ್ಲಿ ನಾನು ಇನ್ಯಾವ ಬಾಗಿಲಿಗೆ ಹೋಗ್ಲಿ?”

“ಅವರು ನನ್ನ ಜೀವ ಉಳಿಸಿ ಸತ್ರು ಅತ್ತೆ. ಏಳು ಜನರ ಜೀವ.”

“ನನ್ನ ಜೀವ ಯಾರು ಉಳಿಸ್ತಾರೆ?” ಅಂದಳು ಅತ್ತೆ. “ಹೆತ್ತವಳು ನಾನು. ನಾನೇ ಒತ್ತು ಅಂತಿದ್ದೀನಿ. ನಿನ್ನದೇನು ಹೆಚ್ಚುಗಾರಿಕೆ?”

ಆ ಮಾತು ಎದೆಗೆ ನಾಟಿತು. ಸೊಸೆ ಹೊರಗೆ ಹೋಗಿ ಒದ್ದೆ ಅಂಗಿ ಹಿಂಡಿ ತಂತಿಗೆ ಹಾಕಿದಳು. ಒಳಗೆ ಬಂದು ಕಾಗದವನ್ನು ತೆಗೆದುಕೊಂಡು ನಾಲ್ಕಾಗಿ ಹರಿದಳು. ಅತ್ತೆ ನೋಡಿದಳು. ಆ ದಿನದಿಂದ ಸೊಸೆಯ ಜೊತೆ ಮಾತು ಬಿಟ್ಟಳು. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು, ಮುಖ ಬೇರೆ ಕಡೆ ತಿರುಗಿಸಿಕೊಂಡು.

ತಿಂಗಳಾದ ಮೇಲೆ ತಪಾಸಣೆಯವರು ಬಂದರು. ಬಂದದ್ದು ಒಬ್ಬ ಹೆಂಗಸು. ನಲವತ್ತರ ಆಸುಪಾಸು, ಬಿಸಿಲಿಗೆ ಕೆಂಪಾದ ಮೂಗು, ದಪ್ಪ ಬೂಟು. ಅವಳ ಭಾಷೆ ಇಲ್ಲಿ ಯಾರಿಗೂ ಬರುತ್ತಿರಲಿಲ್ಲ, ಸಾಹೇಬರೊಬ್ಬರಿಗೆ ಬಿಟ್ಟು. ಸುಟ್ಟ ಏರಿನ ಕೆಳಗೆ ಕೂಲಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಇವಳನ್ನು ಕರೆದಿರಲಿಲ್ಲ. ಇವಳೇ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಮೇಸ್ತ್ರಿ ನೋಡಿದ, ನೋಡದವನ ಹಾಗೆ ಮುಂದೆ ಹೋದ.

ಬಂದ ಹೆಂಗಸು ಏನೋ ಕೇಳಿದಳು. ಸಾಹೇಬರು ಅದನ್ನು ಕನ್ನಡಕ್ಕೆ ತಿರುಗಿಸಿದರು: “ಬೆಂಕಿ ಹೇಗೆ ಬಂತು ಅಂತ ಯಾರಿಗಾದ್ರೂ ಗೊತ್ತಾ?”

ಸಾಲು ನೆಲ ನೋಡಿತು.

“ನಾನು ಹೇಳ್ತೀನಿ ಸಾರ್,” ಅಂದಳು ಇವಳು.

ಹೇಳಿದಳು. ಗೆರೆ ಕೆರೆಯದೆ ಬಿಟ್ಟದ್ದು, ಅತಿಥಿಗಳಿಗಾಗಿ ಗುಂಡಿ ತೋಡಿದ್ದು, ಗಂಡ ಮೂರು ಸಲ ಆಫೀಸಿಗೆ ಹೋದದ್ದು, ಟ್ಯಾಂಕರು ಬರಿದಾಗಿ ಬಂದದ್ದು, ಕೆಮ್ಮು ನಿಂತದ್ದು. ನಿಲ್ಲಿಸದೆ ಹೇಳಿದಳು. ಸಾಹೇಬರು ಎಲ್ಲಾ ಕೇಳಿಸಿಕೊಂಡು ಆ ಹೆಂಗಸಿನ ಕಡೆ ತಿರುಗಿ ಮೂರು ಮಾತು ಹೇಳಿದರು.

“ಸಾರ್, ನಾನು ಇಷ್ಟುದ್ದ ಹೇಳಿದೆ. ನೀವು ಇಷ್ಟೇ ಇಷ್ಟು ಹೇಳಿದ್ರಿ. ಅವರ ಭಾಷೆ ಅಷ್ಟು ಚಿಕ್ಕದಾ?”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಕಪ್ಪಿಟ್ಟಿತು. “ದುಃಖದಲ್ಲಿದ್ದೀಯ ಅಮ್ಮ, ಮನೆಗೆ ಹೋಗು,” ಅಂದರು.

ಅವಳು ಮನೆಗೆ ಹೋಗಲಿಲ್ಲ. ನೇರ ಆ ಹೆಂಗಸಿನ ಹತ್ತಿರ ಹೋಗಿ ಅವಳ ಮಣಿಕಟ್ಟು ಹಿಡಿದಳು. ಮೆತ್ತನೆ ಕೈ. ಇವಳ ಅಂಗೈ ತಾಗಿ ಆ ಹೆಂಗಸು ಬೆಚ್ಚಿದಳು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಇವಳು ಅವಳನ್ನು ಸುಡದೆ ಉಳಿದ ಕಾಡಿನ ಕಡೆ ನಡೆಸಿಕೊಂಡು ಹೋದಳು. ಸಾಹೇಬರು ಹಿಂದೆ, ಮೇಸ್ತ್ರಿ ಅವರ ಹಿಂದೆ. ಅಲ್ಲೊಂದು ಗೆರೆ ಇತ್ತು. ಬೋರ್ಡು ಇತ್ತು. ನೆಲ ಇರಲಿಲ್ಲ, ಬರೀ ತರಗು. ಇವಳು ಬೂಟು ತೋರಿಸಿ, ತರಗು ತೋರಿಸಿದಳು. ಇಳಿ.

ಆ ಹೆಂಗಸು ಕಾಲಿಟ್ಟಳು. ಬೂಟು ಮುಳುಗಿತು. ಇನ್ನೊಂದು ಹೆಜ್ಜೆ ಇಟ್ಟಳು. ಮೊಣಕಾಲು ಮುಳುಗಿತು.

ಇವಳು ಒಂದು ಹಿಡಿ ಎಲೆ ತೆಗೆದು, ಉಜ್ಜಿ, ಅವಳ ಮೂಗಿನ ಹತ್ತಿರ ಹಿಡಿದಳು. ಎಣ್ಣೆಯ ವಾಸನೆ. ಆಮೇಲೆ ಎರಡು ಬೆರಳು ತುಟಿಗಿಟ್ಟು ಸಿಗರೇಟು ಸೇದುವಂತೆ ತೋರಿಸಿದಳು, ಇಲ್ಲ ಅಂತ ತಲೆ ಆಡಿಸಿದಳು. ಇಲ್ಲ, ಇಲ್ಲ. ಯಾಕಿಲ್ಲ ಅಂತ ತೋರಿಸಲು ಎದೆ ಹಿಡಿದು ಕೆಮ್ಮಿದಳು. ಗಂಡ ಕೆಮ್ಮುತ್ತಿದ್ದ ಹಾಗೆ. ಮೊದಲು ಒಣಗಿದ ಎರಡು ಕೆಮ್ಮು, ಆಮೇಲೆ ಎದೆಯ ತಳದಿಂದ ಬರುವ ಉದ್ದದ್ದು, ಕೊನೆಗೆ ಉಸಿರು ಸಿಗದೆ ಬಾಗುವುದು. ಬಾಗಿದವಳು ಏಳಲಿಲ್ಲ. ಅವನು ಸತ್ತಾಗ ಹೊರಗೆ ಬರದ ಅಳು ಆ ಕೆಮ್ಮಿನ ಹಿಂದೆ ಹೊರಟು ಬಂತು. ತರಗಿನಲ್ಲಿ ಕೂತು ಬಾಯಿ ಬಿಟ್ಟು ಅತ್ತಳು.

ಆ ಹೆಂಗಸು ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಗೆರೆಯ ಫೋಟೋ ತೆಗೆದುಕೊಂಡಳು, ಪುಸ್ತಕದಲ್ಲಿ ಬರೆದುಕೊಂಡಳು. ಏಳುವ ಮುಂಚೆ ಇವಳ ಕೈ ಹಿಡಿದು ಏನೋ ಹೇಳಿದಳು. ಸಾಹೇಬರು ಅದನ್ನು ತಿರುಗಿಸಿ ಹೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕೋಣೆ ಖಾಲಿ ಮಾಡಬೇಕು ಅಂತ ನೋಟಿಸು ಬಂತು. ಕೋಣೆ ಕಾವಲುಗಾರನದು. ಕಾವಲುಗಾರ ಇಲ್ಲ, ಕೋಣೆಯೂ ಇಲ್ಲ.

ಅವಳು ನೋಟಿಸು ಹಿಡಿದು ಬಾಗಿಲಲ್ಲಿ ನಿಂತಳು. ಅತ್ತೆಯ ಮುಖ ನೋಡಲು ಧೈರ್ಯ ಬರಲಿಲ್ಲ. ತಿಂಗಳಿಂದ ಮಾತು ಬಿಟ್ಟಿದ್ದ ಅತ್ತೆಯೇ ಕೇಳಿದಳು: “ಆ ಹೆಂಗಸಿಗೆ ಏನಂದೆ?”

“ಸೇದ್ತಿರಲಿಲ್ಲ ಅಂದೆ.”

ಅತ್ತೆ “ಹ್ಞೂಂ” ಅಂದಳು. ಗೋಡೆ ಹಿಡಿದುಕೊಂಡು ಎದ್ದಳು. ಚಾಪೆ ಸುತ್ತತೊಡಗಿದಳು. ಸುತ್ತುತ್ತಾ ಅಂದಳು: “ಸಣ್ಣವನಿದ್ದಾಗ ಒಂದ್ಸಲ ಕದ್ದು ಸೇದಿದ್ದ. ಬಾರಿಸಿದ್ದೆ. ಆ ಕಡೆ ಹಗ್ಗ ಇದೆ ನೋಡು, ಕೊಡು.”

ಊರಿನ ಅಂಚಿನಲ್ಲಿ, ಟೈರು ರಿಪೇರಿ ಅಂಗಡಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಬೆಳಗಿನಿಂದ ಸಂಜೆವರೆಗೆ ಕಬ್ಬಿಣದ ಮೇಲೆ ಸುತ್ತಿಗೆ ಏಟು. “ನನಗೇನು, ಕೇಳಲ್ಲ. ನಿನ್ನ ಪಾಡು ನೋಡ್ಕೋ,” ಅಂದಳು ಅತ್ತೆ. ಆ ಕೋಣೆಯಲ್ಲಿ ಇಬ್ಬರೂ ನಕ್ಕದ್ದು ಆಗ ಒಂದೇ ಸಲ. ಗುಡ್ಡದ ಕೆಲಸ ಇರಲಿಲ್ಲ. ಅವಳು ಕಟ್ಟಡದ ಕೆಲಸಕ್ಕೆ ಹೋಗಿ ಮರಳು ಹೊತ್ತಳು. ಹಗಲು ತಲೆಯ ಮೇಲೆ ಬಾಣಲಿ, ಸಂಜೆ ಕುತ್ತಿಗೆ ತಿರುಗದು.

ಬಿಸಿಲು ಇಳಿಯಲಿಲ್ಲ. ಮಳೆಗೆ ಮುಂಚೆ ಸುಟ್ಟ ಏರಿನಲ್ಲಿ ಮತ್ತೆ ಗುಂಡಿ ತೋಡಬೇಕು ಅಂತ ಮೇಸ್ತ್ರಿ ಮನೆ ಮನೆಗೆ ಹೋಗಿ ಆಳು ಹುಡುಕಿದ. ಇವಳ ಬಾಗಿಲಿಗೂ ಬಂದ. ಹೊರಗೇ ನಿಂತು, “ನಿನ್ನಷ್ಟು ಚೆನ್ನಾಗಿ ಯಾರು ತೋಡ್ತಾರೆ ತಂಗಿ,” ಅಂದ. ಅವಳಿಗೆ ಬೈಯುವಷ್ಟು ಶಕ್ತಿಯೂ ಇರಲಿಲ್ಲ. ಹೋದಳು.

ಅಲ್ಲಿ ಸಾಹೇಬರು ಜೀಪಿನ ಪಕ್ಕ ನಿಂತು ಒಳ್ಳೇ ಸುದ್ದಿ ಇದೆ ಅಂದರು. ತಪಾಸಣೆಯ ವರದಿ ಬಂದಿತ್ತು. ಓದಿದರು. “ಹವಾಮಾನ ಬದಲಾವಣೆಯ ಪರಿಣಾಮವಾಗಿ ಉಂಟಾದ ಅತಿಯಾದ ತಾಪಮಾನ ಹಾಗೂ ಗಾಳಿಯ ವೇಗದಿಂದ ಬೆಂಕಿ ಹರಡಿರುತ್ತದೆ. ಹತ್ತೊಂಬತ್ತು ಸಾವಿರ ಮರಗಳು ನಾಶವಾಗಿರುತ್ತವೆ. ಅಷ್ಟೇ ಸಂಖ್ಯೆಯ ಮರಗಳನ್ನು ಮರುನಾಟಿ ಮಾಡತಕ್ಕದ್ದು.” ಯಾರ ತಪ್ಪೂ ಇಲ್ಲ, ಎಲ್ಲರ ಕೆಲಸವೂ ಉಳಿಯಿತು ಅಂದರು.

ಕೆಲವರು ಉಸಿರು ಬಿಟ್ಟರು. ಅವಳು ಕಾದಳು. ಇನ್ನೇನಾದರೂ ಓದುತ್ತಾರೆ ಅಂತ. ಸಾಹೇಬರು ಕಾಗದ ಮಡಿಸಿದರು.

“ಸಾರ್, ಅದರಲ್ಲಿ ನನ್ನ ಗಂಡ ಎಲ್ಲಿ?”

“ಏನಮ್ಮ?”

“ಸತ್ತ ಮರ ಇದೆ. ಸತ್ತ ಮನುಷ್ಯ ಎಲ್ಲಿ?”

“ಅದು ಕಾಡಿನ ವರದಿ ಅಮ್ಮ,” ಅಂದರು ಸಾಹೇಬರು. ನಿಜಕ್ಕೂ ಅರ್ಥವಾಗದವರ ಹಾಗೆ. “ಸಿಗರೇಟಿನ ಮಾತೂ ಇಲ್ವಲ್ಲ ಅದರಲ್ಲಿ. ನಿನಗೆ ಬೇಕಾದ ಹಾಗೇ ಆಯ್ತಲ್ಲ.”

ಆ ಕೆಂಪು ಮೂಗಿನ ಹೆಂಗಸು ನೆನಪಾದಳು. ಬೆನ್ನ ಮೇಲಿನ ಕೈ ನೆನಪಾಯಿತು. ಮೊಣಕಾಲುದ್ದ ತರಗಿನಲ್ಲಿ ಇಳಿದು ನೋಡಿದವಳು. ನೋಡಿದ್ದಕ್ಕೂ ಬರೆದದ್ದಕ್ಕೂ ನಡುವೆ ಎಲ್ಲಿ ಏನಾಯಿತೋ, ಯಾರು ಕೈಹಾಕಿದರೋ. ಭೂಮಿಯ ಕಾವು ಇಳಿಸಲು ನೆಟ್ಟ ಕಾಡು ಸುಟ್ಟಿತು. ಸುಟ್ಟದ್ದು ಕಾವಿನಿಂದ ಅಂತ ಬರೆದರು. ನಡುವೆ ಗುದ್ದಲಿ ಹಿಡಿದು ಒಬ್ಬನೇ ಗೆರೆ ಕೆರೆದವನು ಒಂದು ಸಾಲಿಗೂ ಬರಲಿಲ್ಲ.

ಮೇಸ್ತ್ರಿ ಹಾರೆ, ಗುದ್ದಲಿಗಳನ್ನು ಹಂಚಿದ. ಲಾರಿಯಲ್ಲಿ ಸಸಿ ಬಂದಿದ್ದವು. ಅದೇ ಎಣ್ಣೆಮರ. ಆಚೆ ಸುಡದೆ ಉಳಿದ ಅರ್ಧ ಗುಡ್ಡ ಹಾಗೇ ನಿಂತಿತ್ತು. ಅದರ ಗೆರೆಗಳಲ್ಲಿ ಹಾಗೇ ತರಗು, ಈಗ ಇನ್ನೂ ಒಣಗಿತ್ತು. ಅದರ ಅಂಚಿನಲ್ಲಿ ಹೊಸ ಕಾವಲುಗಾರ ನಿಂತಿದ್ದ. ಕೂಲಿ ಹೆಂಗಸೊಬ್ಬಳ ಗಂಡ, ನರೆತ ಮೀಸೆಯವನು. ತಲೆಯ ಮೇಲೆ ಹಸಿರು ಟೋಪಿ.

ಅವಳು ಹಾರೆಯನ್ನು ನೆಲಕ್ಕೆ ಹಾಕಿದಳು. ಕಲ್ಲಿಗೆ ಬಡಿದು ಸದ್ದಾಯಿತು.

“ಗುಂಡಿ ತೋಡಲ್ಲ.”

“ಮತ್ತೆ ಯಾಕೆ ಬಂದೆ?” ಅಂದರು ಸಾಹೇಬರು.

“ಮೊದಲು ಗೆರೆ. ಆಮೇಲೆ ಗುಂಡಿ.”

“ಗೆರೆ ಈ ತಿಂಗಳ ಕೆಲಸದಲ್ಲಿ ಇಲ್ಲ.”

“ಹೋದ ಸಲಾನೂ ಇರಲಿಲ್ಲ ಸಾರ್. ಆ ಕಡೆಯಿಂದ ಬೆಂಕಿ ಬಂದ್ರೆ ನಾವು ಇಲ್ಲಿ ಬಗ್ಗಿ ತೋಡ್ತಿರ್ತೀವಿ. ನಡುವೆ ಅಗೋ ಅವರು ನಿಲ್ತಾರೆ. ಟೋಪಿ ಹಾಕ್ಕೊಂಡು. ಒಬ್ಬರು ಆಯ್ತು. ಇನ್ನೊಬ್ಬರನ್ನ ಕೊಡಲ್ಲ.”

ಅವಳು ಯಾರ ಮುಖವನ್ನೂ ನೋಡಲಿಲ್ಲ. ಗುದ್ದಲಿ ಎತ್ತಿಕೊಂಡು ಗೆರೆಯ ಕಡೆ ನಡೆದಳು. ಬೆನ್ನ ಹಿಂದೆ ಇನ್ನೊಂದು ಹಾರೆ ಬಿದ್ದ ಸದ್ದಾಯಿತು. ಹೊಸ ಕಾವಲುಗಾರನ ಹೆಂಡತಿ. ಆಮೇಲೆ ಆ ದಿನ ಕೊಡ ಬಿಟ್ಟು ಓಡಿದ ಹೆಂಗಸರು, ಅವರ ಹಿಂದೆ ಇನ್ನೂ ಕೆಲವರು, ಒಬ್ಬೊಬ್ಬರಾಗಿ. ಎಲ್ಲರೂ ಬರಲಿಲ್ಲ. ಒಂಬತ್ತು ಜನ ಬಂದರು. ಉಳಿದವರು ಹಾರೆ ಹಿಡಿದು, ತೋಡುವುದೋ ಬಿಡುವುದೋ ತಿಳಿಯದೆ ನಿಂತರು.

“ಇವರಿಗೆ ಇವತ್ತು ಹಾಜರಿ ಹಾಕಬೇಡ!” ಅಂತ ಸಾಹೇಬರು ಕೂಗಿದರು. ಜೀಪು ಧೂಳೆಬ್ಬಿಸಿ ಹೋಯಿತು. ಮೇಸ್ತ್ರಿ ಪುಸ್ತಕ ಹಿಡಿದು ಕಲ್ಲಿನ ಮೇಲೆ ಕೂತ. ಬರೆಯಲೂ ಇಲ್ಲ, ಹತ್ತಿರ ಬರಲೂ ಇಲ್ಲ.

ಹತ್ತು ಹೆಂಗಸರು ದಿನವೆಲ್ಲ ಕೆರೆದರು. ತರಗು ಎಳೆದು ರಾಶಿ ಹಾಕಿದರು. ಅಡಿಯಲ್ಲಿ ಹಳೆಯ ಹುಲ್ಲಿನ ಬೇರು, ಕಡ್ಡಿ, ಮುಳ್ಳು. ಬಗ್ಗಿದ ಸೊಂಟ ನೆಟ್ಟಗಾಗದು. ಧೂಳಿಗೆ ಗಂಟಲು ಒಣಗಿ ಎಲ್ಲರೂ ಕೆಮ್ಮಿದರು. ಒಬ್ಬಳು ಕೆಮ್ಮಿದಾಗ ಎಲ್ಲರೂ ಒಂದು ಗಳಿಗೆ ಕೈ ನಿಲ್ಲಿಸಿದರು. ಆಮೇಲೆ ಮತ್ತೆ ಗುದ್ದಲಿ ಎತ್ತಿದರು. ಸಂಜೆಗೆ ಒಂದು ಗೆರೆಯ ಅರ್ಧದಷ್ಟು ಕೆಂಪು ನೆಲ ಬಯಲಾಗಿತ್ತು.

ನಾಳೆ ಗೇಟಿನಲ್ಲೇ ತಡೆಯಬಹುದು. ಬೇರೆ ಊರಿನಿಂದ ಕೂಲಿ ತರಿಸಬಹುದು. ಅದು ಅವಳಿಗೆ ಗೊತ್ತಿತ್ತು.

ಕೋಣೆಗೆ ಬಂದಾಗ ಟೈರಿನ ಅಂಗಡಿ ಇನ್ನೂ ಬಡಿಯುತ್ತಿತ್ತು. ಅತ್ತೆ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಸೊಸೆಯ ಕೈ ನೋಡಿದಳು. ಗಟ್ಟಿಯಾದ ಅಂಗೈಯೂ ಒಡೆದು ರಕ್ತ ಒಸರಿತ್ತು.

“ಏನು ಮಾಡಿದೆ ಇವತ್ತು?”

ಅವಳು ಬಗ್ಗಿ ಕಿವಿಯ ಹತ್ತಿರ ಕೂಗಿದಳು: “ಗೆರೆ ಕೆರೆದ್ವಿ ಅತ್ತೇ.”

“ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ.”

ಅತ್ತೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

“ಎಷ್ಟು ಅಗಲ ಮಾಡಿದ್ರಿ?”

“ಹತ್ತು ಹೆಜ್ಜೆ.”

“ಸಾಲದು,” ಅಂದಳು ಮುದುಕಿ. “ಅವನು ಹನ್ನೆರಡು ಬೇಕು ಅಂತಿದ್ದ.”

ಸೊಸೆ ಅವಳ ಪಕ್ಕದಲ್ಲಿ ನೆಲಕ್ಕೆ ಕೂತಳು. ಉರಿಯುವ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡಳು.

“ನಾಳೆ ಇನ್ನೆರಡು ಹೆಜ್ಜೆ ಕೆರೀತೀವಿ ಅತ್ತೆ,” ಅಂದಳು. ಈ ಸಲ ಕೂಗಲಿಲ್ಲ.